ವಲಯದ ಬಾಗಿಲಲ್ಲಿ ನಿಂತ ಮಕ್ಕಳು

ಮೈಸೂರಿನ ಹಿರಿಯ ಓದುಗರೊಬ್ಬರು ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬಂದು ನಮಗೊಂದು ಪತ್ರ ಬರೆದಿದ್ದಾರೆ. ಅವರ ಹನ್ನೊಂದು ವರ್ಷದ ಮೊಮ್ಮಗ 2025ರ ಬೇಸಿಗೆಯಲ್ಲಿ, ಮಕ್ಕಳಿಗಾಗಿ ಬೇಸ್‌ಬಾಲ್ ನಡೆಸುವ ಅಮೆರಿಕದ ಸಂಸ್ಥೆಯಾದ ಲಿಟಲ್ ಲೀಗ್‌ನ ಜಿಲ್ಲಾ ಟೂರ್ನಿ ಆಡಿದ. ಪಂದ್ಯ ಕೈಯಲ್ಲಿದ್ದಾಗಲೇ 85 ಎಸೆತ ಮುಗಿಯಿತೆಂದು ಅವನನ್ನು ಪಿಚಿಂಗ್‌ನಿಂದ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಕೆಲಸದಿಂದ, ಇಳಿಸಿದರು, ಆಮೇಲೆ ತಂಡ ಸೋತಿತು. ಆಗಸ್ಟ್‌ನಲ್ಲಿ ಟಿ.ವಿ.ಯಲ್ಲಿ ಲಿಟಲ್ ಲೀಗ್‌ನ ಅಂತಿಮ ಹಂತವಾದ ವಿಶ್ವ ಸರಣಿ ನೋಡಿದ ಅಜ್ಜನಿಗೆ ಇನ್ನೊಂದು ಸಂಗತಿ ಚುಚ್ಚಿತು: ಆಡುವ 20 ತಂಡಗಳಲ್ಲಿ 10 ಅಮೆರಿಕದವೇ. ಅರ್ಧ ಪಾಲು ಒಂದೇ ದೇಶಕ್ಕೆ ಕೊಟ್ಟು ಅದನ್ನು ವಿಶ್ವ ಎನ್ನುವುದು ನ್ಯಾಯವೇ, ಗೆಲ್ಲುತ್ತಿರುವ ಮಗುವನ್ನು ಇಳಿಸುವುದು ನ್ಯಾಯವೇ, 2013ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಮೊಮ್ಮಗನಿಗೆ ಇನ್ನೊಂದು ಅವಕಾಶ ಉಳಿದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಮೊಮ್ಮಗ ಹತ್ತಲು ಹೊರಟಿದ್ದ ಏಣಿಯಿಂದಲೇ ಆರಂಭಿಸುತ್ತೇನೆ. ಒಂದೊಂದು ಬಡಾವಣೆಯ ಲೀಗ್ ತನ್ನ ಉತ್ತಮ ಆಟಗಾರರನ್ನು ಆರಿಸಿ ಒಂದು ತಂಡ ಕಟ್ಟುತ್ತದೆ. ಆ ತಂಡ ಜಿಲ್ಲೆಯನ್ನು ಗೆಲ್ಲಬೇಕು, ಅನಂತರ ವಿಭಾಗವನ್ನು, ಅನಂತರ ಇಡೀ ನ್ಯೂಜೆರ್ಸಿಯನ್ನು. ಅಷ್ಟಾದ ಮೇಲೆ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಎಂಬ ಊರಿಗೆ ಹೋಗಿ ನ್ಯೂಯಾರ್ಕ್, ಕನೆಕ್ಟಿಕಟ್, ರೋಡ್ ಐಲೆಂಡ್ ರಾಜ್ಯಗಳ ಚಾಂಪಿಯನ್ನರೊಡನೆ ಮೆಟ್ರೊ ವಲಯದ ಟೂರ್ನಿ ಆಡಬೇಕು. ಅದನ್ನೂ ಗೆದ್ದ ಒಂದೇ ಒಂದು ತಂಡಕ್ಕೆ ಪೆನ್ಸಿಲ್ವೇನಿಯದ ಸೌತ್ ವಿಲಿಯಮ್ಸ್‌ಪೋರ್ಟ್‌ನ ಮೈದಾನಕ್ಕೆ ಪ್ರವೇಶ. ಅಮೆರಿಕದಲ್ಲಿ ಇಂಥ ಹತ್ತು ವಲಯಗಳಿವೆ. ಹೊರಗಿನವರಿಗೆ ಉಳಿದ ಹತ್ತು ಸ್ಥಾನ.

ಈ ಅರ್ಧರ್ಧದ ಹಂಚಿಕೆಗೆ ಒಂದು ಇತಿಹಾಸವಿದೆ, ಅದು ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ. 1939ರಲ್ಲಿ ಕಾರ್ಲ್ ಸ್ಟಾಟ್ಜ್ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟುಹಾಕಿದ ಲಿಟಲ್ ಲೀಗ್ ತನ್ನ ಮೊದಲ ಚಾಂಪಿಯನ್‌ಷಿಪ್ ನಡೆಸಿದ್ದು 1947ರಲ್ಲಿ. 1960ರ ದಶಕ ಮುಗಿಯುವ ಹೊತ್ತಿಗೆ ಏಷ್ಯಾದ ಮಕ್ಕಳು ಬಂದು ಗೆಲ್ಲಲಾರಂಭಿಸಿದರು. 1967 ಮತ್ತು 1968ರಲ್ಲಿ ಜಪಾನ್, 1969ರಲ್ಲಿ ತೈವಾನ್, ಮತ್ತೆ 1971ರಿಂದ 1974ರವರೆಗೆ ಸತತ ನಾಲ್ಕು ವರ್ಷ ತೈವಾನ್. 1975ರಲ್ಲಿ ಸಂಘಟಕರು ವಿದೇಶಿ ತಂಡಗಳಿಗೆ ಪ್ರವೇಶವನ್ನೇ ನಿರಾಕರಿಸಿದರು. ಟೀಕೆ ಎದ್ದು ಮರುವರ್ಷ ಬಾಗಿಲು ತೆರೆಯಿತಾದರೂ ಅಷ್ಟರಲ್ಲಿ ಒಳಗಿನ ಏರ್ಪಾಡು ಬದಲಾಗಿತ್ತು. ಅಮೆರಿಕದ ತಂಡಗಳು ಒಂದು ಕಡೆ, ಹೊರಗಿನವು ಇನ್ನೊಂದು ಕಡೆ ಆಡಿ, ಎರಡೂ ಕಡೆಯ ವಿಜೇತರು ಫೈನಲ್‌ನಲ್ಲಿ ಎದುರಾಗುವ ಪದ್ಧತಿ ಬಂತು. ಹೀಗೆ ಫೈನಲ್‌ನಲ್ಲಿ ಒಂದು ಅಮೆರಿಕನ್ ತಂಡ ಇದ್ದೇ ಇರುತ್ತದೆ. 2001ರಲ್ಲಿ ತಂಡಗಳು 8ರಿಂದ 16ಕ್ಕೆ, 2022ರಲ್ಲಿ 20ಕ್ಕೆ ಏರಿದರೂ ಈ ಅರ್ಧದ ಲೆಕ್ಕ ಕದಲಿಲ್ಲ. ಲಿಟಲ್ ಲೀಗ್ ಆಡುವ ಮಕ್ಕಳಲ್ಲಿ ಬಹುಪಾಲು ಅಮೆರಿಕದಲ್ಲೇ ಇದ್ದಾರೆ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ನಿಮ್ಮ ಆಕ್ಷೇಪವನ್ನು ನಾನು ಒಪ್ಪುತ್ತೇನೆ; ಅದನ್ನು ಇನ್ನೂ ಸ್ವಲ್ಪ ಮುಂದಕ್ಕೂ ಒಯ್ಯುತ್ತೇನೆ. ಅಮೆರಿಕಕ್ಕೆ ಹತ್ತು ಸಿಕ್ಕಿದ್ದಕ್ಕಿಂತ ಉಳಿದ ಹತ್ತನ್ನು ಹಂಚಿದ ರೀತಿಯೇ ನನಗೆ ಹೆಚ್ಚು ಓರೆಯಾಗಿ ಕಾಣುತ್ತದೆ. ಜಪಾನಿಗೆ, ಆಸ್ಟ್ರೇಲಿಯಕ್ಕೆ, ಕೆನಡಕ್ಕೆ, ಮೆಕ್ಸಿಕೊಗೆ ಸ್ವಂತ ಸ್ಥಾನವಿದೆ. ಯುರೋಪ್ ಮತ್ತು ಆಫ್ರಿಕ ಎಂಬ ಎರಡು ಖಂಡಗಳಿಗೆ ಸೇರಿ ಒಂದೇ ಸ್ಥಾನ, ಅದಕ್ಕಾಗಿ ಪೋಲೆಂಡಿನ ಕುಟ್ನೊ ಎಂಬ ಊರಿನಲ್ಲಿ ಸೆಣಸಬೇಕು. ತೈವಾನ್, ದಕ್ಷಿಣ ಕೊರಿಯಾ, ಫಿಲಿಪೀನ್ಸ್‌ನಿಂದ ಹಿಡಿದು ಮಧ್ಯಪ್ರಾಚ್ಯದವರೆಗಿನ ದೇಶಗಳಿಗೆ, ನಮ್ಮ ಭಾರತವೂ ಸೇರಿ, ಒಂದೇ ಸ್ಥಾನ. 2013ರಿಂದ 2025ರವರೆಗೆ ಸರಣಿಗೆ ವಿದೇಶಿ ತಂಡಗಳು ಬಂದ ಎಲ್ಲ ವರ್ಷಗಳಲ್ಲೂ ಆ ಸ್ಥಾನ ತೈವಾನ್ ಅಥವಾ ದಕ್ಷಿಣ ಕೊರಿಯಾದ ಪಾಲಾಗಿದೆ. 2025ರಲ್ಲಿ ತೈಪೆಯ ತುಂಗ್ ಯುವಾನ್ ತಂಡ ಫೈನಲ್‌ನಲ್ಲಿ ನೆವಾಡದ ಹುಡುಗರನ್ನು 7-0ರಿಂದ ಸೋಲಿಸಿ, 1996ರ ಬಳಿಕ ಮೊದಲ ಬಾರಿಗೆ ತೈವಾನಿಗೆ ಪ್ರಶಸ್ತಿ ತಂದಿತು. ಭಾರತದ ಮಗುವೊಂದು ಆ ಮೈದಾನ ಮುಟ್ಟಬೇಕಾದರೆ ಮೊದಲು ಇಂಥವರನ್ನು ವಲಯದಲ್ಲೇ ದಾಟಬೇಕು.

ಇಷ್ಟು ಹೇಳಿಯೂ, ಅರ್ಹತಾ ಟೂರ್ನಿಗಳ ನ್ಯಾಯಾನ್ಯಾಯವನ್ನು ಸ್ಥಾನಗಳ ಲೆಕ್ಕದಲ್ಲೇ ಅಳೆಯಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಲವಾದ ಎದುರಾಳಿ ಸಿಕ್ಕಿದ್ದು ಅನ್ಯಾಯವಲ್ಲ. ಆಡಲು ಬಂದ ಮಗುವನ್ನು ಆಡಗೊಡದೆ ಕಳುಹಿಸುವುದು ಅನ್ಯಾಯ. ಅದು ನಡೆದಿದೆ, ಅದೂ ವಲಯದ ಬಾಗಿಲಲ್ಲೇ ನಡೆದಿದೆ.

1955ರಲ್ಲಿ ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ ನಗರದ ಕ್ಯಾನನ್ ಸ್ಟ್ರೀಟ್ ವೈ.ಎಂ.ಸಿ.ಎ.ಯ ಕಪ್ಪು ಹುಡುಗರ ತಂಡವೊಂದು ಟೂರ್ನಿಗೆ ಹೆಸರು ಕೊಟ್ಟಿತು. ಅವರೊಡನೆ ಆಡಲು ಬಿಳಿಯರ ತಂಡಗಳು ಒಪ್ಪಲಿಲ್ಲ. ವಿಲಿಯಮ್ಸ್‌ಪೋರ್ಟ್‌ನ ಕೇಂದ್ರ ಕಚೇರಿ ಬಣ್ಣದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂದು ಪಟ್ಟು ಹಿಡಿದಾಗ ರಾಜ್ಯದ 61 ಬಿಳಿಯ ಲೀಗ್‌ಗಳು ಟೂರ್ನಿಯಿಂದಲೇ ಹೊರನಡೆದವು. ಒಂದು ಚೆಂಡನ್ನೂ ಎಸೆಯದೆ ಕ್ಯಾನನ್ ಸ್ಟ್ರೀಟ್ ತಂಡ ರಾಜ್ಯ ಚಾಂಪಿಯನ್ ಆಯಿತು. ಮುಂದಿನದು ಜಾರ್ಜಿಯದ ರೋಮ್ ಎಂಬ ಊರಿನ ವಲಯ ಟೂರ್ನಿ. ಅಲ್ಲಿಗೆ ಪ್ರವೇಶವಿಲ್ಲ ಎಂದು ತೀರ್ಮಾನವಾಯಿತು, ಯಾಕೆಂದರೆ ಮೈದಾನದಲ್ಲಿ ಆಡಿ ಗೆದ್ದ ತಂಡಕ್ಕೆ ಮಾತ್ರ ಮುಂದಿನ ಹಂತ ಎಂಬುದು ನಿಯಮ. ಹೊರಗಿಡಬಾರದೆಂದು ಪಟ್ಟು ಹಿಡಿದಿದ್ದ ಸಂಸ್ಥೆಯೇ ತನ್ನ ಇನ್ನೊಂದು ನಿಯಮ ತೋರಿಸಿ ಅದೇ ಹುಡುಗರನ್ನು ಹೊರಗೆ ನಿಲ್ಲಿಸಿತು. ಸಮಾಧಾನಕ್ಕೆಂದು ಅವರನ್ನು ಅತಿಥಿಗಳಾಗಿ ವಿಲಿಯಮ್ಸ್‌ಪೋರ್ಟ್‌ಗೆ ಕರೆದರು. ಆ ಹುಡುಗರು ಬಸ್ಸಿನಲ್ಲಿ ಹೋದರು, ಸಮವಸ್ತ್ರ ತೊಟ್ಟು ಪಂದ್ಯಕ್ಕೆ ಮುಂಚೆ ಮೈದಾನಕ್ಕಿಳಿದು ಸ್ವಲ್ಪ ಹೊತ್ತು ಚೆಂಡು ಎಸೆದು ಹಿಡಿದು ಅಭ್ಯಾಸ ಮಾಡಿದರು. ಸುತ್ತ ಕುಳಿತ ಜನ ‘ಅವರನ್ನು ಆಡಲು ಬಿಡಿ’ ಎಂದು ಕೂಗಿದರು. ಆಮೇಲೆ ಹುಡುಗರು ಪ್ರೇಕ್ಷಕರ ಸಾಲಿಗೆ ಹೋಗಿ ಕುಳಿತು ಬೇರೆಯವರ ಆಟ ನೋಡಿದರು. ಹನ್ನೆರಡು ವರ್ಷದ ಮಗುವಿನ ತೊಡೆಯ ಮೇಲೆ ಗ್ಲೌಸ್, ಕಣ್ಣೆದುರು ತಾನು ಆಡಬೇಕಿದ್ದ ಮೈದಾನ. ಆ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಲು ನನಗೆ ಆಗುವುದಿಲ್ಲ. ಅವರಿಗೆ ಸಲ್ಲಬೇಕಾದ 1955ರ ರಾಜ್ಯ ಚಾಂಪಿಯನ್ ಪತಾಕೆ ಕೈಗೆ ಬಂದದ್ದು 2002ರಲ್ಲಿ, ಅವರೆಲ್ಲ ಅಜ್ಜಂದಿರಾಗುವ ವಯಸ್ಸಿನಲ್ಲಿ.

ಎರಡೇ ವರ್ಷದ ನಂತರ, 1957ರಲ್ಲಿ, ಇದಕ್ಕೆ ವಿರುದ್ಧವಾದದ್ದೊಂದು ನಡೆಯಿತು. ಮೆಕ್ಸಿಕೊದ ಮೊಂಟೆರೆಯ ಬಡ ಮನೆಗಳ ಹುಡುಗರು ರೆನೊಸಾದಿಂದ ಗಡಿ ಸೇತುವೆಯನ್ನು ನಡೆದೇ ದಾಟಿ ಟೆಕ್ಸಸ್‌ನ ಮೆಕ್‌ಆ್ಯಲೆನ್‌ಗೆ ಬಂದರು. ಕೈಯಲ್ಲಿ ಕೆಲವೇ ದಿನಗಳ ವೀಸಾ. ಮೆಕ್ಸಿಕೊಗೆ ಆಗ ಪ್ರತ್ಯೇಕ ವಲಯವಿರಲಿಲ್ಲವಾದ್ದರಿಂದ ಅವರು ಟೆಕ್ಸಸ್‌ನ ಹಂತಗಳನ್ನು ಗೆದ್ದು, ಕೆಂಟಕಿ ರಾಜ್ಯದ ಲೂಯಿವಿಲ್‌ನ ವಲಯ ಟೂರ್ನಿಯನ್ನೂ ಗೆದ್ದು ಮುಂದೆ ಸಾಗಿದರು. ಫೈನಲ್‌ನಲ್ಲಿ ಏಂಜೆಲ್ ಮಸಿಯಾಸ್ ಎಂಬ ಹುಡುಗ ಆರು ಇನ್ನಿಂಗ್ಸ್‌ನಲ್ಲಿ (ಮೂವರು ಔಟಾದರೆ ಒಂದು ಇನ್ನಿಂಗ್ಸ್ ಮುಗಿಯುತ್ತದೆ) ಎದುರು ಬಂದ 18 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಗೊಡಲಿಲ್ಲ. ಅಮೆರಿಕದ ಹೊರಗಿನ ತಂಡವೊಂದು ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಇವರಿಗೆ ವಲಯದ ಬಾಗಿಲು ತೆರೆದಿತ್ತು, ಕ್ಯಾನನ್ ಸ್ಟ್ರೀಟ್ ಹುಡುಗರಿಗೆ ತೆರೆಯಲಿಲ್ಲ; ಚೆಂಡು ಎಸೆಯುವ ತೋಳಿನ ಶಕ್ತಿಗೂ ಈ ಅಂತರಕ್ಕೂ ಯಾವ ಸಂಬಂಧವೂ ಇಲ್ಲ.

ನಮ್ಮ ಕಾಲದ ತಡೆ ಕಾಗದಪತ್ರದ್ದು. 2011ರಲ್ಲಿ ಉಗಾಂಡದ ಕಂಪಾಲದ ತಂಡ ಕುಟ್ನೊದಲ್ಲಿ ಆಗಿದ್ದ ಮಧ್ಯಪ್ರಾಚ್ಯ ಮತ್ತು ಆಫ್ರಿಕ ವಲಯವನ್ನು ಗೆದ್ದಿತು. ಆದರೆ ಮಕ್ಕಳ ಜನ್ಮದಿನಾಂಕದ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ವೀಸಾ ಸಿಗಲಿಲ್ಲ. ಬದಲಿಗೆ ಹೋದದ್ದು ಸೌದಿ ಅರೇಬಿಯದ ದಹ್ರಾನ್ ತಂಡ, ತೈಲ ಉದ್ಯಮದಲ್ಲಿ ದುಡಿಯಲು ಬಂದ ವಿದೇಶಿ ಕುಟುಂಬಗಳ ಮಕ್ಕಳೇ ಹೆಚ್ಚಾಗಿದ್ದ ತಂಡ. ವಯಸ್ಸಿನ ಪರಿಶೀಲನೆ ಬೇಡವೆಂದು ನಾನು ಹೇಳಲಾರೆ. 12 ವರ್ಷ ಮೀರಬಾರದ ಈ ಹಂತದಲ್ಲಿ, 2001ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನ ತಂಡದ ಪ್ರಮುಖ ಪಿಚರ್‌ಗೆ 14 ವರ್ಷವೆಂದು ಆಮೇಲೆ ಬಯಲಾಯಿತು, ಹಿರಿಯರು ಮಾಡಿದ ಮೋಸಕ್ಕೆ ಇಡೀ ತಂಡದ ಸಾಧನೆ ಅಳಿಸಿಹೋಯಿತು. ಆದರೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜೂನ್ ಒಂದನೇ ತಾರೀಖನ್ನೇ ಜೀವನಪೂರ್ತಿ ಹುಟ್ಟುಹಬ್ಬವಾಗಿ ಹೊತ್ತು ಬಂದ ನಮ್ಮ ತಲೆಮಾರಿನವರಿಗೆ, ಹೊಂದದ ದಾಖಲೆಯೆಲ್ಲ ಮೋಸವಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ ಉಗಾಂಡದ ಲುಗಾಜಿಯ ತಂಡ ಮತ್ತೆ ವಲಯ ಗೆದ್ದು, ಈ ಬಾರಿ ವೀಸಾವನ್ನೂ ಪಡೆದು, ವಿಶ್ವ ಸರಣಿಯಲ್ಲಿ ಆಡಿದ ಆಫ್ರಿಕ ಖಂಡದ ಮೊದಲ ತಂಡವಾಯಿತು. ಅಲ್ಲಿ ಓರೆಗಾನ್‌ನ ತಂಡವೊಂದನ್ನು 3-2ರಿಂದ ಸೋಲಿಸಿತು ಕೂಡ. ಹಿಂದಿನ ವರ್ಷ ಗೆದ್ದೂ ಮನೆಯಲ್ಲೇ ಉಳಿದ ಕಂಪಾಲದ ಹುಡುಗರಿಗೆ ಮಾತ್ರ ಆ ಆಗಸ್ಟ್ ತಿಂಗಳನ್ನು ಯಾರೂ ಮರಳಿ ಕೊಡಲಾರರು.

ಇನ್ನು 85 ಎಸೆತದ ವಿಷಯ. ಇಲ್ಲಿ ಮಾತ್ರ ನಿಮ್ಮ ಮಾತನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ, ಕ್ಷಮಿಸಿ. 2007ಕ್ಕೆ ಮುಂಚೆ ಒಬ್ಬ ಹುಡುಗ ಎಷ್ಟು ಇನ್ನಿಂಗ್ಸ್ ಎಸೆಯಬಹುದೆಂದು ಮಾತ್ರ ಎಣಿಸುತ್ತಿದ್ದರು. ಒಂದೇ ಇನ್ನಿಂಗ್ಸ್‌ನಲ್ಲಿ 12 ಎಸೆತವೂ ಆಗಬಹುದು, 40ವೂ ಆಗಬಹುದು. ಮೊಣಕೈಗೆ ಗೊತ್ತಾಗುವುದು ಎಸೆತಗಳ ಲೆಕ್ಕವೇ ಹೊರತು ಇನ್ನಿಂಗ್ಸ್‌ನದಲ್ಲ. ಬೆಳೆಯುವ ವಯಸ್ಸಿನಲ್ಲಿ ಮೊಣಕೈಯ ಎಲುಬಿನ ತುದಿ ಇನ್ನೂ ಮೃದುವಾಗಿರುತ್ತದೆ, ಅತಿಯಾಗಿ ಎಸೆದರೆ ಅಲ್ಲಿಯೇ ಪೆಟ್ಟಾಗುತ್ತದೆ. ಆದ್ದರಿಂದ 11 ಮತ್ತು 12ರ ಮಕ್ಕಳಿಗೆ ದಿನಕ್ಕೆ 85 ಎಸೆತವೆಂದು ಮಿತಿ ಹಾಕಿದರು. ಎದುರಿಗೆ ನಿಂತ ಬ್ಯಾಟರ್‌ನ ಸರದಿ ಮುಗಿಯುವವರೆಗೆ ಮುಂದುವರಿಯಬಹುದು, ಅಷ್ಟೇ. 66 ಅಥವಾ ಹೆಚ್ಚು ಎಸೆದವನಿಗೆ ನಾಲ್ಕು ದಿನ ಪಿಚಿಂಗ್ ಇಲ್ಲ. ವಲಯದ ಟೂರ್ನಿಯಲ್ಲಿ ಪಂದ್ಯಗಳು ಒಂದರ ಹಿಂದೊಂದು ಬರುವಾಗ ಈ ನಿಯಮವೇ ಆಟದ ತಿರುಳಾಗುತ್ತದೆ. ಒಬ್ಬನೇ ಗಟ್ಟಿ ಪಿಚರ್ ಇರುವ ತಂಡ ಮೊದಲ ಪಂದ್ಯ ಗೆದ್ದು ಮೂರನೆಯದರಲ್ಲಿ ಸೋಲುತ್ತದೆ. ನಾಲ್ಕೈದು ಮಕ್ಕಳಿಗೆ ಎಸೆಯಲು ಕಲಿಸಿದ ತರಬೇತುದಾರನ ತಂಡ ಉಳಿಯುತ್ತದೆ. ನಿಮ್ಮ ಮೊಮ್ಮಗನನ್ನು ಇಳಿಸಿದವರು ಅವನ ಆಟವನ್ನು ಕಡೆಗಣಿಸಲಿಲ್ಲ, ಅವನ ತೋಳನ್ನು ಕಾಪಾಡಿದರು. ಸೋಲಿಗೆ ಕಾರಣ ಹುಡುಕಲೇಬೇಕಿದ್ದರೆ, ಅವನ ನಂತರ ಎಸೆಯಲು ಇನ್ನೊಬ್ಬ ಹುಡುಗನನ್ನು ತಯಾರು ಮಾಡಿದ್ದರೇ ಎಂದು ವಿಚಾರಿಸಿ.

ಕೊನೆಯ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತೇನೆ. ಲಿಟಲ್ ಲೀಗ್‌ನಲ್ಲಿ ಮಗುವಿನ ವಯಸ್ಸನ್ನು ಈಗ ಆಯಾ ವರ್ಷದ ಆಗಸ್ಟ್ 31ಕ್ಕೆ ಎಣಿಸುತ್ತಾರೆ, ಈ ಹಂತದ ಮಿತಿ 12. 2013ರ ಸೆಪ್ಟೆಂಬರಿನಲ್ಲಿ ಹುಟ್ಟಿದವನಿಗೆ 2026ರ ಆಗಸ್ಟ್ 31ರಂದು ಇನ್ನೂ 12. ಕೆಲವೇ ದಿನ ಮುಂಚೆ ಆಗಸ್ಟ್‌ನಲ್ಲಿ ಹುಟ್ಟಿದ್ದರೆ ಅವನ ಅವಕಾಶ 2025ರಲ್ಲೇ ಮುಗಿದಿರುತ್ತಿತ್ತು. ಹಾಗಾಗಿ 2026ರ ಬೇಸಿಗೆಯಲ್ಲಿ ಅವನು ಜಿಲ್ಲೆಯಿಂದ ಬ್ರಿಸ್ಟಲ್‌ವರೆಗಿನ ದಾರಿಯನ್ನು ಇನ್ನೊಮ್ಮೆ ಹಿಡಿಯಬಹುದು. ಅವನ ಜನನ ಪ್ರಮಾಣಪತ್ರದ ಮೂಲಪ್ರತಿ ಮತ್ತು ಮನೆ ವಿಳಾಸದ ದಾಖಲೆಗಳನ್ನು ಈಗಲೇ ಒಂದು ಕಡೆ ತೆಗೆದಿರಿಸಲು ಮಗಳಿಗೆ ತಿಳಿಸಿ. ತಂಡ ಆರಿಸುವ ದಿನ ಅವನ್ನು ಕೇಳುತ್ತಾರೆ.