ಕಸೂತಿಯೊಳಗೆ ರಾಜಕೀಯ ತಂದವರು ಯಾರು?

ನಮಸ್ಕಾರ.

ಹೊಲಿಗೆ ಮತ್ತು ಪ್ರತಿಭಟನೆ ಬಗ್ಗೆ ಕಳೆದ ತಿಂಗಳು ನಾವು ಹಾಕಿದ ಲೇಖನ ನಿಮಗೆ ಬೇಸರ ತಂದಿದೆ. "30 ವರ್ಷದಿಂದ ನೆಮ್ಮದಿಗೆ ಅಂತ ಕಸೂತಿ ಹಾಕುತ್ತಿದ್ದೇನೆ, ಇದರೊಳಗೂ ರಾಜಕೀಯ ತುರುಕಬೇಕಾ?" ಅಂತ ಕೇಳಿದ್ದೀರಿ. ನಿಮ್ಮ ನೆಮ್ಮದಿ ದೊಡ್ಡದು. ಆದರೆ ತುರುಕಿದ್ದು ನಾವಲ್ಲ.

ದಕ್ಷಿಣ ಅಮೆರಿಕದ ಚಿಲಿ ದೇಶದ ಹೆಂಗಸರನ್ನೇ ನೋಡಿ. 1973ರಲ್ಲಿ ಸೇನಾ ಮುಖ್ಯಸ್ಥ ಪಿನೊಚೆಯ ನೇತೃತ್ವದಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಗಂಡ, ಮಗ, ಅಣ್ಣ ಅಂತ ಸಾವಿರಕ್ಕೂ ಹೆಚ್ಚು ಜನ ಕಾಣೆಯಾದರು. ಕೇಳಿದರೆ ಉತ್ತರವಿಲ್ಲ. ಆಗ ಈ ಹೆಂಗಸರು ಚರ್ಚಿನ ಆಸರೆಯಲ್ಲಿ ಒಟ್ಟಿಗೆ ಕೂತು, ಗೋಣಿ ಬಟ್ಟೆಯ ಮೇಲೆ ಚಿಂದಿ ತುಂಡುಗಳನ್ನು ಹೊಲಿದು ಚಿತ್ರ ಮಾಡಿದರು. ಆರ್ಪಿಯೆರಾ ಅಂತ ಅದರ ಹೆಸರು. ದೂರದಿಂದ ನೋಡಿದರೆ ಬೆಟ್ಟ, ಸೂರ್ಯ, ಬಣ್ಣದ ಮನೆಗಳು, ಮಕ್ಕಳು ಬರೆದ ಹಾಗೆ ಮುದ್ದಾಗಿರುತ್ತೆ. ಹತ್ತಿರ ಹೋದರೆ ಬೀದಿಯಲ್ಲಿ ಪೊಲೀಸರು, ಅವರೆದುರು "ಅವರೆಲ್ಲಿದ್ದಾರೆ?" ಅನ್ನೋ ಫಲಕ ಹಿಡಿದ ಬೆರಳುದ್ದದ ಗೊಂಬೆಗಳು. ಕೆಲವಕ್ಕೆ ಕಾಣೆಯಾದವರ ಬಟ್ಟೆಯನ್ನೇ ಕತ್ತರಿಸಿ ಹಾಕಿದ್ದಾರೆ. ಇನ್ನು ಕೆಲವದರ ಬೆನ್ನಿಗೆ ಪುಟ್ಟ ಜೇಬು, ಅದರೊಳಗೆ ಮಡಚಿಟ್ಟ ಚೀಟಿ. ಕದ್ದುಮುಚ್ಚಿ ದೇಶ ದಾಟಿದ ಈ ಬಟ್ಟೆಗಳು ಅಲ್ಲಿನ ಪತ್ರಿಕೆಗಳು ಬರೆಯಲಾಗದ ಸುದ್ದಿಯನ್ನು ಹೊರಗೆ ಮುಟ್ಟಿಸಿದವು. ಹೆಂಗಸರ ಹೊಲಿಗೆ ತಾನೇ ಅಂತ ಮೊದಮೊದಲು ಯಾರೂ ಅನುಮಾನಪಡಲಿಲ್ಲ.

ಆ "ತಾನೇ" ಅನ್ನೋದರಲ್ಲೇ ರಾಜಕೀಯ ಇದೆ, ಅಲ್ವಾ? ಜರ್ಮನಿಯ ಬೌಹೌಸ್ ಕಲಾಶಾಲೆ 1919ರಲ್ಲಿ ಶುರುವಾದಾಗ ಗಂಡು ಹೆಣ್ಣು ಸಮಾನ ಅಂದಿತ್ತು, ಆದರೆ ಬಂದ ಹುಡುಗಿಯರಲ್ಲಿ ಹೆಚ್ಚಿನವರನ್ನು ಮಗ್ಗದ ಕಡೆಗೇ ಕಳಿಸಿತು. ಕ್ಯಾನ್ವಾಸ್ ಮೇಲಿದ್ದರೆ ಕಲೆ, ಬಟ್ಟೆ ಮೇಲಿದ್ದರೆ ಕಸುಬು ಅಂತ ಗೆರೆ ಎಳೆದವರು ಹೊಲಿಯುವವರಂತೂ ಅಲ್ಲ.

ನೆಮ್ಮದಿ ಅಂದಿರಲ್ಲ, ಅದಕ್ಕೇ ಇನ್ನೊಂದು ಹೇಳುತ್ತೇನೆ. ಏಡ್ಸ್‌ನಿಂದ ಸತ್ತವರ ಹೆಸರು ಹೇಳುವುದಕ್ಕೂ ಜನ ಹಿಂಜರಿಯುತ್ತಿದ್ದಾಗ, ಅಮೆರಿಕದಲ್ಲಿ ಅವರ ಮನೆಯವರು, ಗೆಳೆಯರು ಒಬ್ಬೊಬ್ಬರಿಗೂ ಒಂದೊಂದು ಬಟ್ಟೆಯ ಮೇಲೆ ಹೆಸರು ಹೊಲಿದರು. 3 ಅಡಿ ಅಗಲ, 6 ಅಡಿ ಉದ್ದ, ಒಂದು ಸಮಾಧಿಯಷ್ಟು. 1987ರ ಅಕ್ಟೋಬರ್‌ನಲ್ಲಿ ಅಂಥ 1,920 ತುಂಡುಗಳನ್ನು ಜೋಡಿಸಿ, ವಾಷಿಂಗ್ಟನ್‌ನಲ್ಲಿ ಸರ್ಕಾರದ ಕಣ್ಣೆದುರೇ ಕೌದಿಯ ಹಾಗೆ ಹಾಸಿದರು. ಹೊಲಿದವರು ಅತ್ತುಕೊಂಡೇ ಹೊಲಿದಿರಬೇಕು. ಅವರಿಗೂ ಬೇಕಿದ್ದದ್ದು ನೆಮ್ಮದಿಯೇ.

ಚಿಲಿಯ ಹೆಂಗಸರು ಜೀವಭಯದಿಂದ ತಮ್ಮ ಕೆಲಸಕ್ಕೆ ಹೆಸರು ಹಾಕುತ್ತಿರಲಿಲ್ಲ. ನಿಮಗೆ ಆ ಭಯವಿಲ್ಲ. ನಿಮ್ಮ ಕಸೂತಿಯ ಫೋಟೊ ಕಳಿಸಿ, ಮೂಲೆಯಲ್ಲಿ ನಿಮ್ಮ ಹೆಸರನ್ನೂ ಹೊಲಿದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ