ಹೊಸನಗರ ಸರಿ, ಹಳೇ ನಗರ ಎಲ್ಲಿ?

ಪ್ರಶ್ನೆ: ಶಿವಮೊಗ್ಗದ ಕಡೆಯಿಂದ ಕೊಲ್ಲೂರಿಗೆ ಹೊರಟಿದ್ದೆವು. ಹೊಸನಗರ ದಾಟಿದ ಮೇಲೆ ಬರೀ ‘ನಗರ’ ಅಂತ ಇನ್ನೊಂದು ಬೋರ್ಡು ಕಂಡಿತು. ಇಳಿದು ನೋಡಿದರೆ ಒಂದಿಷ್ಟು ಅಂಗಡಿ, ಅಷ್ಟೇ. ಇದು ಯಾವ ಸೀಮೆ ನಗರ ಸ್ವಾಮಿ?
– ಓದುಗರು, ದಾವಣಗೆರೆ

ಉತ್ತರ: ನೀವು ಟೀ ಕುಡಿದು ಬಂದ ಜಾಗವೇ ಹಳೇ ರಾಜಧಾನಿ! ಅದರ ಮೂಲ ಹೆಸರು ಬಿದನೂರು. ಬಿದಿರು ಜಾಸ್ತಿ ಇದ್ದದ್ದಕ್ಕೆ ಬಿದಿರೂರು ಅಂತಲೂ ಕರೆಯುತ್ತಿದ್ದರು.

ಈ ಸೀಮೆಯ ಅರಸರಾದ ಕೆಳದಿ ನಾಯಕರಿಗೆ ಒಂದೇ ಕಡೆ ನೆಲೆ ನಿಲ್ಲಲಿಲ್ಲ. ಮೊದಲು ಕೆಳದಿ, ಆಮೇಲೆ ಇಕ್ಕೇರಿ. 1637ರಲ್ಲಿ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಲೂಟಿ ಮಾಡಿತು. ಅದಾಗಿ ಒಂದೆರಡು ವರ್ಷದಲ್ಲೇ ವೀರಭದ್ರನಾಯಕ ಗಂಟುಮೂಟೆ ಕಟ್ಟಿ ಬಿದನೂರಿಗೆ ಬಂದ. ಸುತ್ತ ಗುಡ್ಡ, ದಟ್ಟ ಕಾಡು, ಪಕ್ಕದಲ್ಲೇ ಕರಾವಳಿಗೆ ಇಳಿಯುವ ಘಟ್ಟದ ದಾರಿ. ಮೆಣಸು, ಅಕ್ಕಿ ಸಾಗಿಸುವವರಿಗೆ ಇನ್ನೇನು ಬೇಕು? ಊರನ್ನು ನಿಜವಾಗಿ ಬೆಳೆಸಿದವನು ಶಿವಪ್ಪನಾಯಕ, ‘ಶಿಸ್ತಿನ ಶಿವಪ್ಪನಾಯಕ’ ಅಂತಾರಲ್ಲ, ಅವನೇ. (ಇಲ್ಲಿ ಶಿಸ್ತು ಅಂದರೆ ಅವನು ಗೊತ್ತುಮಾಡಿದ ಭೂಕಂದಾಯ, ಡ್ರಿಲ್ ಮಾಸ್ತರರ ಶಿಸ್ತಲ್ಲ.)

1763ರಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯಿಂದ ಊರು ಕಿತ್ತುಕೊಂಡು ಹೈದರ್‌ನಗರ ಅಂತ ಹೆಸರಿಟ್ಟ. ಮುಂದೆ ಹೈದರ್ ಉದುರಿಹೋಗಿ ಬರೀ ನಗರ ಉಳಿಯಿತು. 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ವಾಪಸ್ ಕಸಿದುಕೊಂಡ. ಹೀಗೆ ಎರಡೆರಡು ಸಲ ಮುತ್ತಿಗೆ ಹಾಕಿಸಿಕೊಂಡ ಮೇಲೆ ಯಾವ ವ್ಯಾಪಾರಿ ತಾನೇ ಅಲ್ಲಿ ಅಂಗಡಿ ತೆರೆದಾನು? ಕೊನೆಗೆ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆ ಅನ್ನುವ ಊರಿಗೆ ಹೋಯಿತು, ಆ ಊರಿಗೇ ಹೊಸನಗರ ಅಂತ ಹೆಸರಾಯಿತು. ಕಚೇರಿಯ ಜೊತೆ ಹೆಸರನ್ನೂ ಹೊತ್ತುಕೊಂಡು ಹೋದರು ನೋಡಿ.

ಇಕ್ಕೇರಿಯದ್ದೂ ಹೆಚ್ಚುಕಮ್ಮಿ ಇದೇ ಕತೆ, ಈಗ ಜನ ಹೋಗುವುದು ಅಘೋರೇಶ್ವರ ದೇವಸ್ಥಾನಕ್ಕೆ. ಆದರೆ ಇವೆಲ್ಲ ಕಣ್ಣಿಗಾದರೂ ಕಾಣುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿ ತೋಟ, ಗದ್ದೆ, ದೇವರ ಬನದ ಸಮೇತ ಶರಾವತಿಯೊಳಗೆ ಹೋದವು. ಎದ್ದು ಹೋದವರ ಮೊಮ್ಮಕ್ಕಳು ಇವತ್ತಿಗೂ ಜಾಗದ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನನಗೆ ಕೋಟೆಯ ಕತೆಗಿಂತ ಇದೇ ಜಾಸ್ತಿ ಕಾಡುತ್ತದೆ.

ಇನ್ನೊಮ್ಮೆ ಹೋದರೆ ನಗರದ ಕೋಟೆ ಹತ್ತಿ, ಹತ್ತಿರದ ದೇವಗಂಗೆ ಕೊಳಗಳನ್ನೂ ನೋಡಿ ಬನ್ನಿ. ಮಳೆಗಾಲ ಬೇಡ, ಉಂಬಳ (ಜಿಗಣೆ) ಬಿಡಲ್ಲ. ಮಳೆ ಕಮ್ಮಿಯಾದ ವರ್ಷದ ಬೇಸಿಗೆಯಾದರೆ ಸಾಗರದ ಕಡೆ ಮಡೆನೂರಿಗೂ ಹೋಗಿ. ಲಿಂಗನಮಕ್ಕಿ ನೀರು ಇಳಿದಾಗ ಅದರೊಳಗೆ ಮುಳುಗಿರುವ ಹಿರೇಭಾಸ್ಕರ ಅನ್ನುವ ಹಳೇ ಅಣೆಕಟ್ಟು ಮೇಲೆದ್ದು ನಿಂತಿರುತ್ತದೆ.