ಮನೆಯವರಿಗೆ ಲೆಕ್ಚರರ್ ಮಗಳು ಬೇಕು, ಮಗಳಿಗೆ ಐಸಿಯು ಬೇಕು

ಸವಿತಾ (ಹೆಸರು, ಊರು ಬದಲಿಸಿದ್ದೇನೆ) ಅರಸೀಕೆರೆ ಕಡೆಯವರು, ವಯಸ್ಸು 27. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾಲ್ಕು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದಾರೆ. ಆಪ್ತಸಲಹೆಗೆ ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲವೆಂದು. ಮಾತು ಬೆಳೆದಂತೆ ನಿದ್ದೆ ಕೆಡಿಸಿದ್ದು ಏನೆಂದು ತಿಳಿಯಿತು. ಎಂ.ಎಸ್ಸಿ. ಮಾಡಿ ನರ್ಸಿಂಗ್ ಕಾಲೇಜಿನಲ್ಲಿ ಲೆಕ್ಚರರ್ ಆಗಲಿ, ನೈಟ್ ಡ್ಯೂಟಿ ತಪ್ಪಲಿ, ಗಂಡು ಹುಡುಕುವುದೂ ಸಲೀಸಾಗಲಿ ಎಂದು ಮನೆಯವರ ಆಸೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನದು ಬೇರೆಯೇ ರಾಗ: ‘ಇಲ್ಲಿ ನರ್ಸ್ ಪ್ರಾಕ್ಟೀಷನರ್ ಅಂದ್ರೆ ಡಾಕ್ಟರ್ ಇದ್ದಂಗೆ, ಬಂದ್ಬಿಡು.’ (ಹೆಚ್ಚಿನ ತರಬೇತಿ ಪಡೆದು, ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯಲ್ಲೂ ತೀರ್ಮಾನ ತೆಗೆದುಕೊಳ್ಳುವ ನರ್ಸಿಗೆ ಅಲ್ಲಿ ಹೀಗೆನ್ನುತ್ತಾರೆ.)

ನಿಮಗೇನು ಬೇಕು ಎಂದು ಕೇಳಿದಾಗ ಆಕೆ ಒಂದು ರಾತ್ರಿಯ ಕಥೆ ಹೇಳಿದರು. ಹೊಟ್ಟೆಯ ಆಪರೇಷನ್ ಆಗಿದ್ದ ಹಿರಿಯರೊಬ್ಬರ ಬಿಪಿ ಸರಿಯಾಗಿಯೇ ಇತ್ತು. ಆದರೆ ಉಸಿರು ನಿಮಿಷಕ್ಕೆ 28ಕ್ಕೆ ಏರಿತ್ತು, ಯೂರಿನ್ ಬ್ಯಾಗಿನಲ್ಲಿ ಎರಡು ಗಂಟೆಯಿಂದ ಹೆಚ್ಚೇನೂ ಇಳಿದಿರಲಿಲ್ಲ, ಅಂಗೈ ತಣ್ಣಗಾಗಿತ್ತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ, ‘ಬಿಪಿ ಸರಿ ಇದೆಯಲ್ಲ ಸಿಸ್ಟರ್, ನೋಡ್ತಾ ಇರಿ’ ಎಂದರು. ಬೆಳಗಿನ ಜಾವ ಬಿಪಿ ಕುಸಿಯಿತು. ಸೆಪ್ಸಿಸ್, ಅಂದರೆ ಸೋಂಕಿಗೆ ದೇಹ ಮಿತಿಮೀರಿ ಸ್ಪಂದಿಸಿ ಅಂಗಗಳೇ ಕೆಡತೊಡಗುವ ಸ್ಥಿತಿ. ರೋಗಿ ಉಳಿದುಕೊಂಡರು.

‘ಏನೋ ಕೆಡ್ತಿದೆ ಅಂತ ಗೊತ್ತಿತ್ತು ಮೇಡಂ. ಯಾಕೆ ಅಂತ ಒತ್ತಿ ಹೇಳೋಕೆ ನಂಗೆ ಬರ್ಲಿಲ್ಲ.’

ಈ ಮಾತಿನಲ್ಲಿ ಎರಡು ನೋವುಗಳು ಹೆಣೆದುಕೊಂಡಿದ್ದವು. ಅವನ್ನು ಬಿಡಿಸುವುದೇ ನನ್ನ ಕೆಲಸವಾಯಿತು. ತನ್ನ ಮಾತಿಗೆ ಬೆಲೆ ಸಿಗಲಿಲ್ಲ ಎಂಬುದು ಒಂದು. ಅದು ಆ ವಾರ್ಡಿನ ನಡವಳಿಕೆಗೆ ಸೇರಿದ್ದು. ಹೊಸ ಡಿಗ್ರಿ ಬಂದ ಮಾತ್ರಕ್ಕೆ ಮಾಯವಾಗದು, ಇದನ್ನು ನೇರವಾಗಿಯೇ ಹೇಳಿದೆ. ಕಾರಣ ವಿವರಿಸುವಷ್ಟು ಓದು ತನಗಿಲ್ಲ ಎಂಬುದು ಇನ್ನೊಂದು. ಇದಕ್ಕೆ ಮಾತ್ರ ದಾರಿಯಿದೆ.

ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ ಕೋರ್ಸು, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವಂಥದ್ದು. ಬಿ.ಎಸ್ಸಿ. ನರ್ಸಿಂಗ್ ಆಗಿರಬೇಕು, ಕೌನ್ಸಿಲ್ ನೋಂದಣಿ ಇರಬೇಕು, ಕನಿಷ್ಠ ಒಂದು ವರ್ಷ ರೋಗಿಗಳ ಆರೈಕೆಯ ಅನುಭವ ಇರಬೇಕು. ತರಗತಿ ಪಾಠ ಶೇ. 20ರಷ್ಟು, ಉಳಿದ ಶೇ. 80 ಪ್ರಾಯೋಗಿಕ ಕಲಿಕೆ, ಅದರಲ್ಲಿ ಹೆಚ್ಚಿನದು ರೋಗಿಯ ಹಾಸಿಗೆಯ ಪಕ್ಕದಲ್ಲೇ. ರೋಗ ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ, ಔಷಧ ಹೇಗೆ ವರ್ತಿಸುತ್ತದೆ, ರೋಗಿಯನ್ನು ಹೇಗೆ ಪರೀಕ್ಷಿಸಬೇಕು, ಇವನ್ನೆಲ್ಲ ಆಳವಾಗಿ ಕಲಿಸುತ್ತಾರೆ. ಸಾಮಾನ್ಯ ಎಂ.ಎಸ್ಸಿ. ಮಾಡಿದವರಲ್ಲಿ ಹೆಚ್ಚಿನವರು ಪಾಠ ಹೇಳುವ ಕಡೆ ಹೊರಳುತ್ತಾರೆ. ಈ ಕೋರ್ಸು ನರ್ಸನ್ನು ಐಸಿಯುನಲ್ಲೇ ಉಳಿಸಿಕೊಳ್ಳಲೆಂದು ಹುಟ್ಟಿದ್ದು. ಇದನ್ನು ಕೇಳಿ ಸವಿತಾ ಮುಖ ಅರಳಿತು. ಆದರೆ ಅದರ ಮಿತಿಯನ್ನೂ ಹೇಳಲೇಬೇಕಿತ್ತು. ಓದು ಮುಗಿಸಿದವರಿಗೆ ಆ ಹೆಸರಿನ ಹುದ್ದೆ ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ಸ್ಟಾಫ್ ನರ್ಸ್ ಎಂದೇ ಮತ್ತೆ ಸೇರಿಸಿಕೊಂಡರೆ ಮನಸ್ಸು ಮುರಿಯುತ್ತದೆ.

ಅಮೆರಿಕದ ಮಾತೂ ಬಂತು. ಈ ವೃತ್ತಿ ಶುರುವಾದದ್ದೇ ಅಲ್ಲಿ, 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಅವರಿಂದ. ಕೆಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಸ್ವತಂತ್ರವಾಗಿ ಔಷಧಿ ಬರೆಯಬಹುದು, ಕೆಲವೆಡೆ ವೈದ್ಯರೊಡನೆ ಒಪ್ಪಂದ ಬೇಕು. ಚಿಕ್ಕಪ್ಪನ ಮಗ ಹೇಳದೆ ಬಿಟ್ಟದ್ದು ಇಷ್ಟು: ಮೊದಲು ಎನ್‌ಕ್ಲೆಕ್ಸ್ ಎಂಬ ಅಲ್ಲಿನ ನರ್ಸ್ ಪರವಾನಗಿ ಪರೀಕ್ಷೆ ಪಾಸಾಗಿ ಅಲ್ಲಿ ನರ್ಸ್ ಆಗಬೇಕು, ಆಮೇಲೆ ಅಲ್ಲಿನ ಮಾನ್ಯತೆಯಿರುವ ಕಡೆ ಮತ್ತೆ ಸ್ನಾತಕೋತ್ತರ ಓದು, ಅದರ ಮೇಲೆ ರಾಷ್ಟ್ರಮಟ್ಟದ ಪರೀಕ್ಷೆ. ನಮ್ಮ ಕೋರ್ಸು ಮಾಡಿದ್ದರೂ ಅಲ್ಲಿ ನೇರ ಪ್ರವೇಶವಿಲ್ಲ.

ಎರಡನೇ ಭೇಟಿಗೆ ಅವರ ತಾಯಿಯೂ ಬಂದರು. ‘ಇನ್ನೂ ಎಷ್ಟು ವರ್ಸ ರಾತ್ರಿಯೆಲ್ಲ ನಿದ್ದೆಗೆಡ್ತಾಳೆ ಮೇಡಂ, ನಾಳೆ ಗಂಡನ ಮನೆಯೋರು ಒಪ್ತಾರಾ?’ ಈ ಕಾಳಜಿ ನಿಜವಾದದ್ದು, ತಾಯಿಯನ್ನು ಹಳೆಕಾಲದವರೆಂದು ತಳ್ಳಿಹಾಕುವುದು ತಪ್ಪು. ‘ಅಮ್ಮಾ, ಪಾಳಿ ಕೆಲಸ ಮೈಗೆ ಕಷ್ಟವೇ. ಆದರೆ ಇಷ್ಟವಿಲ್ಲದ ಪಾಠ ಹೇಳಿಕೊಂಡು ಮೂವತ್ತು ವರ್ಷ ಕಳೆಯುವುದೂ ಕಷ್ಟವಲ್ಲವೇ?’ ಎಂದೆ. ಆಕೆ ಒಪ್ಪಲಿಲ್ಲ. ಮಗಳು ರಾಜೀನಾಮೆಗೆ ಮೊದಲು ವಿಚಾರಿಸಿಕೊಂಡು ಬರಲಿ ಎಂಬಲ್ಲಿಗೆ ಮಾತ್ರ ಬಂದರು.

ನಾನು ಕೊಟ್ಟ ಸಲಹೆ ಇದು. ಈ ಕೋರ್ಸು ಮುಗಿಸಿದವರನ್ನು ಹುಡುಕಿ ಮಾತಾಡಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ನೇಮಕದ ಆದೇಶದಲ್ಲಿ ಹುದ್ದೆಯ ಹೆಸರೇನಿದೆ, ಸಂಬಳ ಎಷ್ಟು ಏರಿತು, ಯಾವ ತೀರ್ಮಾನ ನೀವೇ ತೆಗೆದುಕೊಳ್ಳಬಹುದು ಎಂದು ಕೇಳಿ. ಈಗಿನ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ, ಓದಿ ಬಂದರೆ ಎಲ್ಲಿಗೆ ಹಾಕುತ್ತೀರಿ ಎಂದು ವಿಚಾರಿಸಿ. ಸೇರುವ ಕಾಲೇಜಿನ ಸ್ಟೈಪೆಂಡ್, ಬಾಂಡ್ (ಓದಿದ ಮೇಲೆ ಇಷ್ಟು ಕಾಲ ಅಲ್ಲೇ ದುಡಿಯಬೇಕೆಂಬ ಕರಾರು) ಎರಡರ ವಿವರವನ್ನೂ ಬರಹದಲ್ಲಿ ಪಡೆಯಿರಿ. ಮೂಲ ಪ್ರಮಾಣಪತ್ರ ಯಾರ ಬಳಿಯೂ ಬಿಟ್ಟುಬರಬೇಡಿ. ಜೊತೆಗೆ ಪ್ರತಿ ಪಾಳಿ ಮುಗಿದ ಮೇಲೆ ಒಬ್ಬ ರೋಗಿಯ ಬಗ್ಗೆ ನಾಲ್ಕು ಸಾಲು ಬರೆಯಿರಿ: ಏನು ಕಂಡಿರಿ, ಯಾಕೆ ಹಾಗಾಯಿತು, ಏನು ಮಾಡಬೇಕಿತ್ತು. ಬರೆಯುವುದು ಬೇಸರವಾದರೆ ಲೆಕ್ಚರರ್ ದಾರಿಯನ್ನು ಮತ್ತೆ ಯೋಚಿಸೋಣ ಎಂದೆ.

ಮೂರನೇ ಭೇಟಿಗೆ ಆಕೆ ತಂದ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಪುಟಗಳಾಗಿದ್ದವು, ಪಕ್ಕದಲ್ಲಿ ಪುಸ್ತಕ ನೋಡಿ ಬರೆದ ಟಿಪ್ಪಣಿಗಳು. ಅಮೆರಿಕದ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದಾರೆ. ಕ್ರಿಟಿಕಲ್ ಕೇರ್ ಕೋರ್ಸಿನ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದಾರೆ. ಗಂಡಿನ ಕಡೆಯವರಿಗೆ ನೈಟ್ ಡ್ಯೂಟಿ ವಿಷಯ ಮೊದಲೇ ಹೇಳಬೇಕೆಂದು ತಾಯಿಯೊಡನೆ ಮಾತಾಗಿದೆ. ಸೀಟು ಸಿಕ್ಕರೆ ಶುಲ್ಕ, ಮನೆ ಸಾಲದ ಕಂತು ಹೇಗೆ ಹೊಂದಿಸುವುದೆಂದು ಅವರ ತಂದೆಯನ್ನೂ ಕೂರಿಸಿಕೊಂಡು ಲೆಕ್ಕ ಹಾಕಲಿದ್ದೇವೆ.